ಅಣ್ಣನ ಟ್ರೇಲರಿಗೆ ಬೆಲೆ ಕಟ್ಟಿದ್ದು

ಹೋದ ತಿಂಗಳು ಹಳೇ ಬಂಗಾರ ಮಾರುವಾಗ ಅಂಗಡಿಯಲ್ಲಿ ಏನೇನು ಕೇಳಬೇಕು ಅಂತ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳಲ್ಲಿ ಒಂದು ನನ್ನ ತಲೆಯಲ್ಲೇ ಉಳಿದುಬಿಟ್ಟಿತು. "ಬಂಗಾರಕ್ಕಾದ್ರೆ ಪೇಪರಲ್ಲಿ ದಿನಾ ರೇಟು ಬರುತ್ತೆ ಮೇಡಂ. ರೇಟೇ ಬರದ ವಸ್ತು ಮಾರಬೇಕಾದ್ರೆ ಏನು ಮಾಡೋದು?" ಅಂತ ಒಬ್ಬ ಓದುಗರು ಕೇಳಿದ್ದರು. ಆ ಪತ್ರವನ್ನು ಫೋನಿನಲ್ಲಿ ಓದುವ ಹೊತ್ತಿಗೆ ನಾನು ಮದ್ದೂರಿನ ಹತ್ತಿರದ ನಮ್ಮ ತವರಿನ ಹಿತ್ತಿಲಲ್ಲಿ ನಿಂತಿದ್ದೆ. ಎದುರಿಗೆ ಹುಲ್ಲಿನ ಮೆದೆ ಪಕ್ಕದಲ್ಲಿ ಅಣ್ಣನ ಟ್ರ್ಯಾಕ್ಟರ್ ಟ್ರೇಲರು, ಮೂತಿಯನ್ನು ಒಂದು ಕಲ್ಲಿನ ಮೇಲೆ ಊರಿಕೊಂಡು ನಿಂತಿತ್ತು. ಅದರ ಕೆಳಗೆ ನಾಲ್ಕು ಕೋಳಿ. ಆ ಓದುಗರು ಕೇಳಿದ ಪ್ರಶ್ನೆಯೇ ನಮ್ಮ ಮನೆಯಲ್ಲೂ ಎರಡು ವಾರದಿಂದ ನಡೀತಾ ಇತ್ತು.

ಪಟ್ಟಣದ ಓದುಗರಿಗೆ ಒಂದು ಮಾತು. ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಹೋಗುವ ಕಬ್ಬಿಣದ ಡಬ್ಬವನ್ನೇ ನಾನು ಟ್ರೇಲರು ಅಂತಿರೋದು. ನಮ್ಮೂರಲ್ಲಿ ಅದು 'ಟೇಲರ್' ಆಗಿಬಿಟ್ಟಿದೆ, ಬಟ್ಟೆ ಹೊಲಿಯುವವರಿಗೂ ಅದೇ ಹೆಸರು, ಯಾರಿಗೂ ಗೊಂದಲ ಇಲ್ಲ. ಬೆಳಗಾವಿ ಕಡೆಯವರು ಡಬ್ಬಿ ಅನ್ನೋದನ್ನ ಕೇಳಿದ್ದೇನೆ. ಕಬ್ಬು, ಗೊಬ್ಬರ, ಹುಲ್ಲು, ಇಟ್ಟಿಗೆ, ಮದುವೆಯ ಪಾತ್ರೆ ಪಗಡಿ ಎಲ್ಲ ಅದರಲ್ಲೇ ಹೋಗುತ್ತೆ.

ಅಣ್ಣ ಹೋದ ವರ್ಷ ಮಾರ್ಚಿಯಲ್ಲಿ ತೀರಿಕೊಂಡ. ಎದೆ ನೋವು ಅಂದ, ಮಂಡ್ಯ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟ್ರ್ಯಾಕ್ಟರ್ ಮೇಲೆ ಸಾಲ ಇತ್ತು. ಅತ್ತಿಗೆ ಅದನ್ನು ಮಾರಿ ಸಾಲ ತೀರಿಸಿದರು. ಟ್ರೇಲರು ಮಾತ್ರ ಉಳಿಯಿತು. ಎಳೆಯುವ ಗಾಡಿ ಇಲ್ಲದ ಟ್ರೇಲರು ಅಂದ್ರೆ ಎತ್ತಿಲ್ಲದ ನೊಗ. ಒಂದು ಮಳೆಗಾಲ ಪೂರ್ತಿ ಅದು ಅಲ್ಲೇ ನೆನೆಯಿತು.

ಈ ವರ್ಷ ಅಣ್ಣನ ಮಗಳಿಗೆ ಎಂ.ಕಾಂ. ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು, ಸೇರಿಸಿ ಅರವತ್ತು ಸಾವಿರ ಮೇಲೆ ಬೇಕು. ಅದು ಗೊತ್ತಾದ ವಾರದಲ್ಲೇ ನಮ್ಮ ಚಿಕ್ಕಪ್ಪನ ಮಗ ಬಂದ. ಅತ್ತಿಗೆಗೆ ಮೈದುನ ಆಗಬೇಕು. ಕಾಫಿ ಕುಡಿದು, ಲೋಟ ಕೆಳಗಿಟ್ಟು ಅಂದನಂತೆ: "ಅತ್ಗೆ, ಅದು ನಿಂತಲ್ಲೇ ತುಕ್ಕಿಡೀತಾ ಅದೆ. ನಾನೇ ತಗತೀನಿ ಬುಡಿ. ನಲವತ್ತೈದು ಸಾವ್ರ ಕೊಡ್ತೀನಿ. ಗುಜರಿಯೋನು ಅಷ್ಟೂ ಕೊಡಾಕಿಲ್ಲ."

ಅತ್ತಿಗೆ ನನಗೆ ಫೋನ್ ಮಾಡಿದ್ದು ಸಲಹೆ ಕೇಳೋಕಲ್ಲ, ವಿಷಯ ತಿಳಿಸೋಕೆ. "ಮನೆಯೋನೇ ಅಲ್ವೇನಮ್ಮಿ, ಕೊಟ್ಬುಡ್ತೀನಿ. ದಿನಾ ಬೆಳಗೆದ್ದು ಅದ್ರ ಮೊಕ ನೋಡಕಾಗಕಿಲ್ಲ ನಂಗೆ." ನಾನು ಎರಡು ವಾರ ಟೈಮ್ ಕೊಡಿ ಅತ್ತಿಗೆ ಅಂದೆ. ನಲವತ್ತೈದು ಕಮ್ಮಿ ಅಂತ ನನಗೇನೂ ಗೊತ್ತಿರಲಿಲ್ಲ. ಜಾಸ್ತಿ ಅಂತಲೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೇ ನನ್ನನ್ನು ಕೊರೆದದ್ದು.

ಮೊದಲು ಲೆಕ್ಕ ಹಾಕಿದ್ದು ಅಣ್ಣನ ಮಗಳು, ಬಿ.ಕಾಂ. ಓದಿದವಳಲ್ಲವೇ. 2015ರಲ್ಲಿ ಅಣ್ಣ ಟ್ರೇಲರು ಕಟ್ಟಿಸಿದಾಗಿನ ಬಿಲ್ಲು ಟ್ರಂಕಿನಲ್ಲಿತ್ತು: 1,20,000 ರೂಪಾಯಿ. ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಯಂತ್ರೋಪಕರಣಗಳಿಗೆ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 15ರಂತೆ, ಉಳಿದ ಮೊತ್ತದ ಮೇಲೆ, ಸವಕಳಿ ಕಳೆಯುತ್ತಾರೆ. ಅವಳು ಹಾಗೇ ಹತ್ತು ವರ್ಷ ಕಳೆದಳು. ಉತ್ತರ 23,600 ಚಿಲ್ಲರೆ. ಹುಡುಗಿ ಮುಖ ಸಣ್ಣ ಮಾಡಿಕೊಂಡು, "ಹಾಗಾದ್ರೆ ಚಿಕ್ಕಪ್ಪ ಜಾಸ್ತಿನೇ ಕೊಡ್ತಿದಾರೆ ಅತ್ತೆ" ಅಂದಳು. ಅದೇ ಸಂಜೆ ಫೋನಿನಲ್ಲಿ ಅಂಥದೇ ಟ್ರೇಲರಿನ ಜಾಹೀರಾತು ನೋಡಿದರೆ 1,40,000! ಒಂದೇ ವಸ್ತು, ಪುಸ್ತಕದಲ್ಲಿ ಇಪ್ಪತ್ತಮೂರು, ಫೋನಿನಲ್ಲಿ ಒಂದು ನಲವತ್ತು. ನಡುವೆ ಚಿಕ್ಕಪ್ಪನ ಮಗನ ನಲವತ್ತೈದು.

ಸವಕಳಿ ಲೆಕ್ಕ ತಪ್ಪಲ್ಲ, ಅದು ಬೇರೆ ಕೆಲಸಕ್ಕೆ ಇರೋದು. ತೆರಿಗೆಗೆ ಆಗುತ್ತೆ, ಸಂತೆಗೆ ಆಗಲ್ಲ. ವಿಮೆಯವರ ಪಟ್ಟಿ ನೋಡಿದರೂ ಅಷ್ಟೇ: ವಾಹನಕ್ಕೆ ಒಂದರಿಂದ ಎರಡು ವರ್ಷದೊಳಗೆ ನೂರಕ್ಕೆ 20, ಎರಡರಿಂದ ಮೂರಕ್ಕೆ 30, ಹೀಗೆ ಏರಿಸುತ್ತಾ ನಾಲ್ಕರಿಂದ ಐದು ವರ್ಷಕ್ಕೆ 50 ಕಳೆಯುತ್ತಾರೆ. ಐದು ವರ್ಷ ದಾಟಿದ ಮೇಲೆ? ವಿಮೆಯವರೂ ಮಾಲೀಕರೂ ಮಾತಾಡಿಕೊಂಡು ಒಂದು ಬೆಲೆ ಒಪ್ಪಿಕೊಳ್ಳಬೇಕು, ಅಷ್ಟೇ. ಅಂದರೆ ಹಳೇದಕ್ಕೆ ಅವರ ಹತ್ತಿರವೂ ಪಟ್ಟಿ ಇಲ್ಲ. ನನಗೆ ಅದನ್ನು ಓದಿ ಸ್ವಲ್ಪ ಸಮಾಧಾನವೇ ಆಯಿತು.

ಸರಿ, ಮೊದಲು ಕೆಳಗಿನ ಮಿತಿ ಹುಡುಕೋಣ ಅಂದುಕೊಂಡೆವು. ಟ್ರೇಲರು ಏನೇ ಕೆಟ್ಟರೂ ಕಬ್ಬಿಣ ಕಬ್ಬಿಣವೇ. ಕೆಜಿ ಲೆಕ್ಕದಲ್ಲಿ ಎಷ್ಟಾಗುತ್ತೆ? ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು, ಹಗುರವಾಗಿ ಗಾಳಿ ತುಂಬಿಸಿ, ಹೆದ್ದಾರಿ ಪಕ್ಕದ ವೇ ಬ್ರಿಡ್ಜಿಗೆ ಹೋದೆವು. ಅಲ್ಲೇ ನಾನು ಮೊದಲ ಪಾಠ ಕಲಿತದ್ದು. ಟ್ರ್ಯಾಕ್ಟರನ್ನು ಮುಂದಕ್ಕೆ ಬಿಟ್ಟು ಟ್ರೇಲರಿನ ಚಕ್ರ ಮಾತ್ರ ತೂಕದ ಹಲಗೆ ಮೇಲೆ ನಿಲ್ಲಿಸಿದರು. ಚೀಟಿಯಲ್ಲಿ 1,180 ಕೆಜಿ ಬಂತು. ಆರ್‌ಸಿ ಪುಸ್ತಕದಲ್ಲಿ ಖಾಲಿ ತೂಕ 1,450 ಅಂತಿದೆ. ಇನ್ನೂರ ಎಪ್ಪತ್ತು ಕೆಜಿ ಎಲ್ಲಿ ಹೋಯ್ತು, ತುಕ್ಕು ತಿಂತಾ?

ನಮ್ಮದು ಎರಡೇ ಚಕ್ರದ ಟ್ರೇಲರು. ಅದರ ಮೂತಿ ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂತಿರುತ್ತಲ್ಲ, ಒಂದಷ್ಟು ಭಾರ ಅಲ್ಲಿಗೆ ಹೋಗಿಬಿಡುತ್ತೆ. ಹಾಗಾಗಿ ಎರಡನ್ನೂ ಒಟ್ಟಿಗೆ ಹಲಗೆ ಮೇಲೆ ಹತ್ತಿಸಿ ತೂಗಿ, ಆಮೇಲೆ ಟ್ರ್ಯಾಕ್ಟರ್ ಒಂದನ್ನೇ ತೂಗಿ ಕಳೆಯಬೇಕು. ಹಾಗೆ ಮಾಡಿದಾಗ 3,520ರಲ್ಲಿ 2,130 ಕಳೆದು 1,390 ಬಂತು. ಇದನ್ನು ನಾನು ಕಂಡುಹಿಡಿದದ್ದಲ್ಲ, ಹಿಂದೆ ಸಾಲಿನಲ್ಲಿ ಕಾಯುತ್ತಿದ್ದ ಇಟ್ಟಿಗೆ ಲೋಡಿನ ಡ್ರೈವರ್ ಬೈದು ಹೇಳಿಕೊಟ್ಟದ್ದು. ಗುಜರಿಗೆ ಕೊಡುವವರು ಇದೊಂದನ್ನು ಮರೆಯಬೇಡಿ. ಮೊದಲ ಚೀಟಿಯನ್ನು ನಂಬಿದ್ದರೆ ನಿಂತಲ್ಲೇ ಆರು ಸಾವಿರ ರೂಪಾಯಿ ಹೋಗುತ್ತಿತ್ತು.

ಆದರೂ ಅರವತ್ತು ಕೆಜಿ ಕಮ್ಮಿ. ಅತ್ತಿಗೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಒಮ್ಮೆಲೇ ನಕ್ಕುಬಿಟ್ಟರು, ಅಣ್ಣ ಹೋದ ಮೇಲೆ ಅವರು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. "ಹಿಂದುಗಡೆ ಬಾಗ್ಲು ಕಣಮ್ಮಿ! ಕರು ಆಚ್ಗೆ ಓಡೋಯ್ತದೆ ಅಂತ ನಿಮ್ಮಣ್ಣ ಕೊಟ್ಟಿಗೆಗೆ ಕಟ್ಟಿತ್ತಲ್ಲ." ನಿಜ. ಎರಡು ವರ್ಷದಿಂದ ಕರುವಿನ ಕೊಟ್ಟಿಗೆಗೆ ಬಾಗಿಲಾಗಿದ್ದದ್ದು ಟ್ರೇಲರಿನ ಹಿಂಬಾಗಿಲು. ಸಗಣಿ ಮೆತ್ತಿಕೊಂಡು ಯಾರಿಗೂ ಗುರುತು ಸಿಗದ ಹಾಗಾಗಿತ್ತು.

ಟೈರು, ಟ್ಯೂಬು, ಮಣ್ಣು ಕಳೆದು, ಬಾಗಿಲು ಸೇರಿಸಿ, ಸುಮಾರು 1,340 ಕೆಜಿ ಕಬ್ಬಿಣ ಅಂತ ಹಿಡಿದೆವು. ಗುಜರಿಯವರು ಆ ದಿನ ಹೇಳಿದ ರೇಟು ಕೆಜಿಗೆ 30. ಒಟ್ಟು 40,200. ಚಿಕ್ಕಪ್ಪನ ಮಗನ ನಲವತ್ತೈದಕ್ಕೆ ಅರ್ಥ ಸಿಕ್ಕಿತು. ಅವನು ಸುಳ್ಳು ಹೇಳಿರಲಿಲ್ಲ, ಗುಜರಿಯವರಿಗಿಂತ ಜಾಸ್ತಿಯೇ ಕೊಡ್ತಿದ್ದ. ಟ್ರೇಲರಿಗೆ ಗುಜರಿ ಬೆಲೆಯ ಮೇಲೆ ನಾಲ್ಕೈದು ಸಾವಿರ ಇಟ್ಟಿದ್ದ, ಅಷ್ಟೇ. ಆದರೆ ನಮ್ಮದು ಗುಜರಿಯೋ ಅಥವಾ ಇನ್ನೂ ದುಡಿಯುವ ಗಾಡಿಯೋ? ಅದನ್ನು ಹೇಳೋಕೆ ಟ್ರೇಲರು ಕಟ್ಟುವವರೇ ಬೇಕು.

ಮದ್ದೂರಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಟ್ರೇಲರು ಕಟ್ಟುತ್ತಿರುವ ಮೇಸ್ತ್ರಿಯೊಬ್ಬರನ್ನು ಐನೂರು ರೂಪಾಯಿ ಮತ್ತು ಒಂದು ಊಟಕ್ಕೆ ಕರೆದುಕೊಂಡು ಬಂದೆ. ಆ ಐನೂರು ಈ ಇಡೀ ವ್ಯವಹಾರದಲ್ಲಿ ನಾವು ಮಾಡಿದ ಅತಿ ಒಳ್ಳೆಯ ಖರ್ಚು. ಅವರ ಕೈಯಲ್ಲಿ ಇದ್ದದ್ದು ಒಂದು ಸುತ್ತಿಗೆ, ಒಂದು ಜಾಕು, ಒಂದು ಉಂಡೆ ದಾರ. ಮೊದಲು ಬಣ್ಣ ನೋಡಲೇ ಇಲ್ಲ. ಕೆಳಗೆ ಚೀಲ ಹಾಸಿಕೊಂಡು ಅಂಗಾತ ಮಲಗಿದರು. ಕೋಳಿಗಳು ಕಿರುಚಿಕೊಂಡು ಆಚೆ ಓಡಿದವು.

ಚಾಸಿಯ ಉದ್ದಕ್ಕೂ ದಾರ ಎಳೆದು ಹಿಡಿದರು. ದಾರಕ್ಕೂ ಕಬ್ಬಿಣಕ್ಕೂ ನಡುವೆ ಎಲ್ಲೂ ಸಂದು ಇಲ್ಲ. ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕಡೆ ಅಳೆದರು, ಎರಡೂ ಸಮ. "ಮೂಳೆ ನೆಟ್ಟಗದೆ ಕಣಕ್ಕ. ಮೂಳೆ ಸೊಟ್ಟಗಿದ್ರೆ ಬೆಲೆ ಮಾತು ಬುಟ್ಟು ಗುಜರಿ ಅಂಗ್ಡಿಗೆ ಹೊಡ್ಕೊಂಡೋಗಿ ಅಂತಿದ್ದೆ." ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂತು. ತಿರುಗಿಸಿದರೆ ಒಂದು ಕಡೆ ಮರಳು ಅರೆದ ಸದ್ದು. ಬೇರಿಂಗ್ ಹೋಗಿದೆ. ಆಕ್ಸಲ್ ಮಾತ್ರ ನೆಟ್ಟಗಿದೆ, ಬಾಗಿದ್ದರೆ ಟೈರು ಒಂದೇ ಅಂಚಿಗೆ ಸವೆದಿರುತ್ತಿತ್ತು ಅಂದರು.

ಟೈರು ನನ್ನ ಕಣ್ಣಿಗೆ ಚೆನ್ನಾಗೇ ಕಂಡಿದ್ದವು, ಗುಂಡಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಮೇಸ್ತ್ರಿ ಪಕ್ಕದಲ್ಲಿರುವ ಮಣ್ಣನ್ನು ಹೆಬ್ಬೆರಳಲ್ಲಿ ಉಜ್ಜಿ ನಾಲ್ಕು ಅಂಕಿ ತೋರಿಸಿದರು: 2315. ಅಂದರೆ 2015ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಕಾರು, ಸ್ಕೂಟರಿನ ಟೈರಿಗೂ ಇದೇ ಲೆಕ್ಕ, ನಿಮ್ಮ ಮನೆ ಗಾಡಿಯನ್ನೂ ಒಮ್ಮೆ ನೋಡಿಕೊಳ್ಳಿ. ಹತ್ತು ವರ್ಷ ಬಿಸಿಲು ತಿಂದು ಪಕ್ಕದಲ್ಲೆಲ್ಲ ಕೂದಲೆಳೆಯಂಥ ಬಿರುಕು. ಭಾರ ಹಾಕಿದರೆ ಒಡೆಯುತ್ತವೆ. ಅಲ್ಲಿಗೆ ಟೈರಿನ ಬೆಲೆ ಸೊನ್ನೆ.

ನೆಲದ ತಗಡಿನ ಮೇಲೆ ಸುತ್ತಿಗೆಯಲ್ಲಿ ಬಡಿಯುತ್ತಾ ಹೋದರು. ಮುಂದೆಲ್ಲ ಠಣ್ ಠಣ್. ಹಿಂದಿನ ಎಡ ಮೂಲೆಗೆ ಬಂದಾಗ ಸದ್ದು ಬದಲಾಯಿತು, ಹಳೇ ತಗಡಿನ ಡಬ್ಬ ಬಡಿದ ಹಾಗೆ. ಎರಡನೇ ಏಟಿಗೆ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಅಣ್ಣ ಗೊಬ್ಬರದ ಮೂಟೆ ಇಡುತ್ತಿದ್ದದ್ದು ಆ ಮೂಲೆಯಲ್ಲಿ. "ಮಳೆಗಿಂತ ಗೊಬ್ರ ಜಾಸ್ತಿ ತಿಂತದೆ ಕಣಕ್ಕ ಕಬ್ಣನ. ಹೇರಿದ್ಮೇಲೆ ಒಂದ್ ಬಿಂದ್ಗೆ ನೀರಾಕಿ ತೊಳೆದಿದ್ರೆ ಇನ್ನೂ ಐದ್ ವರ್ಷ ಬತ್ತಿತ್ತು." ಅತ್ತಿಗೆ, "ಏಳಿದ್ದೆ, ಕೇಳ್ತಿರ್ಲಿಲ್ಲ" ಅಂತ ಮೆಲ್ಲಗೆ ಅಂದರು.

ಎತ್ತುವ ಜಾಕನ್ನೂ ನೋಡಬೇಕಿತ್ತು. ಪಕ್ಕದ ಮನೆ ಟ್ರ್ಯಾಕ್ಟರಿಗೆ ಪೈಪು ಜೋಡಿಸಿ ಡಬ್ಬವನ್ನು ಮೇಲೆತ್ತಿ ಹಾಗೇ ಬಿಟ್ಟರು. ಊಟ ಮುಗಿಸಿ ಬರುವಷ್ಟರಲ್ಲಿ ಒಂದು ಗೇಣು ಇಳಿದಿತ್ತು. ಒಳಗಿನ ಸೀಲು ಸವೆದಿದೆ. (ಎತ್ತಿದ ಡಬ್ಬದ ಕೆಳಗೆ ಗಟ್ಟಿ ಆಸರೆ ಕೊಡದೆ ದಯವಿಟ್ಟು ಯಾರೂ ತಲೆ ಹಾಕಬೇಡಿ. ಇಳಿಯುತ್ತೆ ಅಂತಲೇ ತಾನೇ ನಾವು ಪರೀಕ್ಷೆ ಮಾಡೋದು.)

ಕೊನೆಗೆ ಮೂತಿ. ಟ್ರ್ಯಾಕ್ಟರಿನ ಪಿನ್ನು ಕೂರುವ ಕಬ್ಬಿಣದ ಬಳೆ ದುಂಡಗಿರೋದು ಬಿಟ್ಟು ಮೊಟ್ಟೆಯ ಹಾಗೆ ಉದ್ದಕ್ಕೆ ಸವೆದಿತ್ತು. ಅದರ ಬುಡದಲ್ಲಿ ಬಣ್ಣ ಕೆರೆದಾಗ ಒಂದು ಗೆರೆ ಕಂಡಿತು. ಬಿರುಕು. ಮೇಸ್ತ್ರಿ ಎದ್ದು ನಿಂತು ಕೈ ಒರೆಸಿಕೊಂಡರು. "ನೋಡಿ ಅಕ್ಕ, ಎರಡ್ ದಾರಿ ಅದೆ. ಪಟ್ಟಿ ತುಂಬ್ಸಿ ಕೆಂಪು ಬಣ್ಣ ಹೊಡುದ್ಬುಟ್ರೆ ಯಾರ್ಗೂ ಕಾಣಾಕಿಲ್ಲ, ನೋಡೋಕೂ ಹೊಸದಾಗಿ ಕಾಣ್ತದೆ, ಹತ್ ಸಾವ್ರ ಜಾಸ್ತಿ ಸಿಕ್ತದೆ. ಇಲ್ಲಾ, ಬಳೆ ಬುಡದಿಂದ ಕುಯ್ದು ಹೊಸದು ಹಾಕ್ಬೇಕು, ಮೂರ್ ಸಾವ್ರ ಕೈ ಬಿಡ್ತದೆ."

ನಿಜ ಹೇಳುತ್ತೇನೆ, ಹತ್ತು ಸಾವಿರ ಅಂದಾಗ ನನ್ನ ತಲೆಯಲ್ಲಿ ಹಾಸ್ಟೆಲ್ ಫೀಸು ಹಾದುಹೋಯಿತು. ಅತ್ತಿಗೆಗೆ ಯೋಚನೆಯೇ ಬೇಕಾಗಲಿಲ್ಲ. "ಕಬ್ಬಿನ್ ಮೇಲೆ ಹೆಂಗಸ್ರು ಮಕ್ಳು ಕೂತ್ಕಂಡೋಯ್ತರೆ ಕಣಣ್ಣ. ಚಾನಲ್ ಏರಿ ಮೇಲೆ ಅದು ಕಳಚ್ಕಂಡ್ರೆ? ಕುಯ್ದು ಹೊಸದೇ ಹಾಕು." ಟ್ರೇಲರಿನಲ್ಲಿ ಜನ ಕೂರಬಾರದು ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಕೂರುತ್ತಾರೆ ಅನ್ನೋದು ನಮ್ಮ ಕಡೆಯವರಿಗೆಲ್ಲ ಇನ್ನೂ ಚೆನ್ನಾಗಿ ಗೊತ್ತು. ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಡಾಡಿದವರಿಗೆ ಅತ್ತಿಗೆಯ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಅವತ್ತು ರಾತ್ರಿ ಹುಡುಗಿ ಹೊಸದಾಗಿ ಲೆಕ್ಕ ಬರೆದಳು. ಟೈರು ಎರಡಕ್ಕೆ 18,000. ನೆಲದ ತಗಡು ಬದಲಾಯಿಸೋಕೆ ಕೂಲಿ ಸೇರಿ 14,000. ಬೇರಿಂಗು, ಗ್ರೀಸು 3,000. ಜಾಕಿನ ಸೀಲಿಗೆ 2,500. ಮೂತಿಯ ಬಳೆ 3,000. ಒಟ್ಟು 40,500. ಇಷ್ಟನ್ನೂ ನಾವೇ ಮಾಡಿಸಿ ಮಾರಿದರೆ ಒಳ್ಳೇದಲ್ವಾ ಅಂತ ನಾನು ಕೇಳಿದ್ದಕ್ಕೆ ಮೇಸ್ತ್ರಿ ಬೇಡ ಅಂದಿದ್ದರು. ಹೊಸ ಟೈರಿಗೆ ನೀವು ಹದಿನೆಂಟು ಹಾಕಿದರೆ ಕೊಳ್ಳುವವನು ಹನ್ನೆರಡು ಅಂತ ಹಿಡಿಯುತ್ತಾನೆ, ಅವನಿಗೆ ಬೇಕಾದ ಕಂಪನಿಯದು ಅವನೇ ಹಾಕಿಕೊಳ್ಳಲಿ. ಜೀವಕ್ಕೆ ಅಪಾಯ ಇರೋದನ್ನ ಮಾತ್ರ ಸರಿ ಮಾಡಿಸಿ, ಉಳಿದದ್ದನ್ನು ಬಾಯಿಬಿಟ್ಟು ಹೇಳಿ ಬೆಲೆಯಲ್ಲಿ ಕಳೆಯಿರಿ. ಇದು ನನಗೆ ಮನೆ ಮಾರುವವರಿಗೂ ಹೇಳಬಹುದಾದ ಮಾತು ಅನ್ನಿಸಿತು, ಇರಲಿ, ಅದು ಇನ್ನೊಂದು ಸಲಕ್ಕೆ.

ಸರಿ, ಯಾವುದರಲ್ಲಿ ಕಳೆಯೋದು? ಹೊಸದಕ್ಕೆ ಅದೇ ಅಳತೆಗೆ ನಮಗೆ ಕೊಟ್ಟ ಕೊಟೇಶನ್ 1,70,000. ಆದರೆ ರಿಪೇರಿ ಮಾಡಿಸಿದ ಹಳೇದು ಹೊಸದಾಗಿಬಿಡಲ್ಲ. ಬೇಕಾದದ್ದು ಓಡುತ್ತಿರುವ ಹಳೇ ಟ್ರೇಲರುಗಳ ಬೆಲೆ. ಫೋನಿನಲ್ಲಿ ಹಾಕಿದ 1,40,000 ಮಾರುವವರ ಆಸೆ, ಕೈ ಬದಲಾದ ದುಡ್ಡಲ್ಲ. ಹಾಗಾಗಿ ಸುತ್ತಲಿನ ಊರುಗಳಲ್ಲಿ ಆ ವರ್ಷ ಮಾರಿದವರನ್ನೇ ಹುಡುಕಿದೆವು. ಈ ಕೆಲಸಕ್ಕೆ ಅತ್ತಿಗೆಯ ಹಾಲಿನ ಡೇರಿಯೇ ಸಾಕಾಯ್ತು, ಬೆಳಿಗ್ಗೆ ಕ್ಯಾನು ಹಿಡಿದು ನಿಂತವರಿಗೆ ಯಾರ ಮನೆಯಲ್ಲಿ ಏನು ಎಷ್ಟಕ್ಕೆ ಹೋಯ್ತು ಅಂತ ಗೊತ್ತಿರುತ್ತೆ. ಮೂರು ಸಿಕ್ಕವು. ಒಂದು 1,20,000ಕ್ಕೆ ಹೋಗಿತ್ತು, ಟೈರು ಹೊಸದು. ಇನ್ನೊಂದು 1,10,000. ಮೂರನೆಯದು ನೋಡೋಕೆ ಅವೆರಡಕ್ಕಿಂತ ಚೆನ್ನಾಗಿದ್ದರೂ 60,000ಕ್ಕೇ ಹೋಗಿತ್ತು. ಯಾಕೆ ಅಂದರೆ ಅದಕ್ಕೆ ಆರ್‌ಸಿ ಇರಲಿಲ್ಲ.

ಮೊದಲೆರಡರ ನಡುವೆ 1,15,000 ಹಿಡಿದು, ಮೂತಿಯನ್ನು ನಾವೇ ಸರಿ ಮಾಡಿಸುವುದರಿಂದ ಉಳಿದ 37,500 ಕಳೆದೆವು. 77,500 ಬಂತು. ಕೆಳಗೆ ಗುಜರಿಯ ನಲವತ್ತು, ಮೇಲೆ ಎಪ್ಪತ್ತೇಳೂವರೆ. ಎಲ್ಲಿಗೆ ನಿಲ್ಲುತ್ತೆ ಅನ್ನೋದು ಇನ್ನು ಮಾತಿಗೆ ಬಿಟ್ಟದ್ದು. ಮಾರದೆ ದಿನ ಬಾಡಿಗೆಗೆ ಬಿಟ್ಟರೆ ಹೇಗೆ ಅಂತಲೂ ಅತ್ತಿಗೆ ಕೇಳಿದರು. ಲೆಕ್ಕ ಹಾಕಿದರೆ ಮೂರು ವರ್ಷ ಕಾದರೆ ಅಷ್ಟೇ ದುಡ್ಡು, ಅದೂ ಟೈರು ನಾವೇ ಹಾಕಿ, ಇನ್ನೊಬ್ಬರು ಎಷ್ಟು ಹೇರುತ್ತಾರೋ ನೋಡದೆ. ಫೀಸು ಜುಲೈಗೇ ಕಟ್ಟಬೇಕಿತ್ತು. ಆ ಮಾತು ಅಲ್ಲಿಗೇ ಬಿಟ್ಟೆವು.

ಆರ್‌ಸಿ ಇಲ್ಲದ ಆ ಮೂರನೇ ಟ್ರೇಲರು ನನ್ನನ್ನು ಹೆದರಿಸಿತ್ತು. ನಮ್ಮದಕ್ಕೆ ಆರ್‌ಸಿ ಏನೋ ಇದೆ, ಆದರೆ ಅಣ್ಣನ ಹೆಸರಿನಲ್ಲಿದೆ. ತೆಗೆದು ನೋಡಿದರೆ ಇನ್ನೊಂದು ಗೋಳು. ಟ್ರೇಲರು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತಾನೇ ಒಂದು ವಾಹನ. ಅದಕ್ಕೆ ಟ್ರ್ಯಾಕ್ಟರಿನದಲ್ಲದೆ ಬೇರೆಯೇ ನೋಂದಣಿ ನಂಬರು ಇರುತ್ತೆ. ಟ್ರ್ಯಾಕ್ಟರ್ ಸಾಲ ತೀರಿಸಿದಾಗ ಅದರ ಪುಸ್ತಕದಿಂದ ಬ್ಯಾಂಕಿನ ಹೆಸರು ತೆಗೆಸಿದ್ದರು. ಟ್ರೇಲರಿನ ಪುಸ್ತಕದಲ್ಲಿ ಬ್ಯಾಂಕು ಹಾಗೇ ಕೂತಿತ್ತು! ಸಾಲವೇ ಇಲ್ಲದ ವಸ್ತು ಕಾಗದದ ಮೇಲೆ ಇನ್ನೂ ಅಡವಿನಲ್ಲಿತ್ತು. ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ, ಫಾರಂ 35ಕ್ಕೆ ಸಹಿ, ಅದಕ್ಕೇ ನಾಲ್ಕು ಸಲ ಓಡಾಟ.

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಯಾರು ಮಾಡುತ್ತಾರೆ ಹೇಳಿ, ಆ ಮೂರು ತಿಂಗಳು ಮನೆ ಯಾವ ಸ್ಥಿತಿಯಲ್ಲಿರುತ್ತೆ? ನಾವು ಒಂದು ವರ್ಷ ದಾಟಿಸಿದ್ದೆವು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮಗಳ ಒಪ್ಪಿಗೆ ಪತ್ರ ಎಲ್ಲ ಜೋಡಿಸಿ, ತಡವಾದದ್ದಕ್ಕೆ ದಂಡ ಕಟ್ಟಿ, ಅತ್ತಿಗೆಯ ಹೆಸರಿಗೆ ಬಂತು. ಚಾಸಿ ಮೇಲೆ ಕೊರೆದ ನಂಬರು ಪುಸ್ತಕದ ನಂಬರಿಗೆ ಹೊಂದಬೇಕು. ನಮ್ಮದು ಬಣ್ಣದ ಕೆಳಗೆ ಹೂತುಹೋಗಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ಹೊರಗೆ ತೆಗೆದದ್ದಾಯ್ತು.

ಇಷ್ಟಾಗುವ ಹೊತ್ತಿಗೆ ಚಿಕ್ಕಪ್ಪನ ಮಗನಿಗೆ ಸುದ್ದಿ ಮುಟ್ಟಿತ್ತು. ಅತ್ತಿಗೆ ಅವನನ್ನೇ ಮೊದಲು ಕರೆಸಿ ಹುಡುಗಿ ಬರೆದ ಹಾಳೆ ತೋರಿಸಿದರು. ಅವನು ಓದಿ, ಮಡಿಸಿ, "ಮನೆಯೋರ ಹತ್ರಾನೂ ಹಿಂಗೆ ಲೆಕ್ಕ ಹಾಕ್ತಾರಾ ಅತ್ಗೆ?" ಅಂದ. ಐವತ್ತಕ್ಕೆ ಬಂದ, ಅದರ ಮೇಲೆ ಹತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅವನ ಕಷ್ಟವೂ ನನಗೆ ಗೊತ್ತು, ಬಾವಿ ತೋಡಿಸಿ ನೀರು ಬೀಳದೆ ಕೂತಿದ್ದಾನೆ. ಆದರೆ ಅವನು ಉಳಿಸುವ ದುಡ್ಡು ಯಾರ ಕೈಯಿಂದ ಹೋಗೋದು ಅನ್ನೋದನ್ನೂ ನೋಡಬೇಕಲ್ಲ.

ಕೊನೆಗೆ ಬಂದವರು ಪಾಂಡವಪುರ ಕಡೆಯ ಒಬ್ಬ ರೈತರು, ಡೇರಿಯ ಬಾಯಿಂದ ಬಾಯಿಗೆ ಹೋದ ಸುದ್ದಿ ಕೇಳಿ. ಕಬ್ಬು ಕಡಿಯೋಕೆ ಮುಂಚೆ ಅವರಿಗೆ ಒಂದು ಬೇಕಿತ್ತು. ಅವರೂ ಸುತ್ತಿಗೆ ತಂದಿದ್ದರು. ಅವರು ಬಡಿಯುವ ಮುಂಚೆಯೇ ಅತ್ತಿಗೆ ಎಡಮೂಲೆ ತೋರಿಸಿ, "ಇಲ್ಲಿ ತೂತದೆ, ಟೈರ್ ಹೋಗದೆ, ಬೇರಿಂಗ್ ಹೋಗದೆ, ಜಾಕು ಇಳೀತದೆ" ಅಂದುಬಿಟ್ಟರು. ಆ ಮನುಷ್ಯ ಸುತ್ತಿಗೆ ಕೆಳಗಿಟ್ಟು ನಗಾಡಿದರು. ಅರವತ್ತೆರಡರಿಂದ ಶುರು ಮಾಡಿದರು. ನಾವು ಹಾಳೆ ಕೊಟ್ಟೆವು. ಅವರು ಪ್ರತಿ ಸಾಲನ್ನೂ ಒಪ್ಪಿದರು, ಆದರೆ ಒಂದು ಮಾತು ಹೇಳಿದರು: "ರಿಪೇರಿಗೆ ವಾರ ಅಲೆಯೋನು ನಾನು ತಾನೇ ತಾಯಿ, ಅದಕ್ಕೆ ನೀವೇನೂ ಹಿಡ್ದಿಲ್ವಲ್ಲ." ನ್ಯಾಯವಾದ ಮಾತು, ನಾವು ಹಿಡಿದಿರಲಿಲ್ಲ. 72,000ಕ್ಕೆ ನಿಂತಿತು.

ಹೆಸರು ಬದಲಾವಣೆ ಸುಗ್ಗಿ ಮುಗಿದ ಮೇಲೆ ಮಾಡಿಸಿಕೊಳ್ತೀನಿ, ಖಾಲಿ ಫಾರಂಗೆ ಸಹಿ ಹಾಕಿಕೊಡಿ ಅಂತ ಕೇಳಿದರು. ಹಳ್ಳಿಯಲ್ಲಿ ಎಲ್ಲರೂ ಹಾಗೇ ಮಾಡೋದು. ಇಲ್ಲಿ ಮಾತ್ರ ನಾನು ಬಾಯಿ ಹಾಕಿದೆ. ಮಾರಿಬಿಟ್ಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಎಪ್ಪತ್ತೆರಡು ಸಾವಿರಕ್ಕೆ ಮಾರಿ ಲಕ್ಷಗಟ್ಟಲೆ ಹೊಣೆ ಹೊತ್ತುಕೊಳ್ಳೋಕೆ ಅತ್ತಿಗೆಯ ಹತ್ತಿರ ಏನಿದೆ? ಫಾರಂ 29, ಫಾರಂ 30 ತುಂಬಿ, ಇಬ್ಬರೂ ಒಟ್ಟಿಗೆ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಟ್ಟ ರಸೀದಿ ಕೈಗೆ ಬಂದ ಮೇಲೆ ಟ್ರೇಲರು ಹಿತ್ತಿಲು ಬಿಟ್ಟಿತು. ಆ ರೈತರಿಗೆ ಸ್ವಲ್ಪ ಬೇಜಾರಾಯ್ತು, ಅರ್ಧ ದಿನದ ಕೆಲಸ ಹಾಳು. ದಾರಿಯಲ್ಲಿ ಮದ್ದೂರು ವಡೆ ಕೊಡಿಸಿದ ಮೇಲೆ ಸರಿಹೋದರು.

ಗಾಡಿ ಎಳೆದುಕೊಂಡು ಹೋಗುವಾಗ ಅತ್ತಿಗೆ ಒಳಗೇ ಇದ್ದರು. ಸಂಜೆ ಹಿತ್ತಿಲಿಗೆ ಹೋಗಿ, ಅದು ನಿಂತಿದ್ದ ಜಾಗದಲ್ಲಿ ಬೆಳ್ಳಗಾಗಿದ್ದ ಹುಲ್ಲನ್ನೂ ಆ ಕಲ್ಲನ್ನೂ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದರು. ಮಾರನೇ ದಿನ ಫೀಸು ಕಟ್ಟಿದ್ದಾಯ್ತು.

ಹಬ್ಬಕ್ಕೆ ಚಿಕ್ಕಪ್ಪನ ಮಗ ಬಂದಿದ್ದ. ಎಲೆ ಮುಂದೆ ಕೂತು, "ನಂಗೇ ಕೊಡ್ಬೋದಿತ್ತು ಅತ್ಗೆ" ಅಂದ. "ಎಪ್ಪತ್ತೆರಡು ಅಂದಿದ್ರೆ ನಿಂಗೇ ಕೊಡ್ತಿದ್ದೆ ಕಣಪ್ಪ. ಇನ್ನೊಂದ್ ಒಬ್ಬಟ್ಟು ಹಾಕ್ಲಾ?" ಅಂದರು ಅತ್ತಿಗೆ. ಅವನು ಹಾಕಿಸಿಕೊಂಡ.

ಹುಡುಗಿಯ ಹಾಳೆಯಲ್ಲಿ ಒಂದು ಬಾಬತ್ತು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಹಿಂಬಾಗಿಲು ಟ್ರೇಲರಿನ ಜೊತೆ ಹೋಯಿತಲ್ಲ, ಆ ರಾತ್ರಿಯೇ ಕರು ಓಡಿಹೋಗಿ ಪಕ್ಕದವರ ಸೊಪ್ಪಿನ ಮಡಿ ಮೇಯ್ದು ಬಂತು. ಕೊಟ್ಟಿಗೆಗೆ ಹೊಸ ಬಾಗಿಲು ಮಾಡಿಸೋಕೆ 1,800 ರೂಪಾಯಿ. ಮಾಡಿಕೊಟ್ಟದ್ದು ಅದೇ ಮೇಸ್ತ್ರಿ.